ಕಂಠಪೂರ್ತಿ ಹಸಿರು ಮಸಾಲೆ

ಇಗ್ನೇಶಿಯಾಳಿಗೆ ಗಂಡನಿಂದ ಮೊದಲ ಪೆಟ್ಟು ಬಿದ್ದದ್ದು ಬಾಡಿದ ಸೊಪ್ಪಿನ ಕಾರಣಕ್ಕೆ. ಮದುವೆಯಾದ ಹೊಸತು. ಬೋನಿಫಾಸ್ ಶನಿವಾರದ ಸಂತೆಯಲ್ಲಿ ಬಿಕರಿಯಾಗದೆ ಉಳಿದ ಥೈಮ್ ಕಟ್ಟುಗಳನ್ನು ಜೀಪಿನಲ್ಲಿ ಹಿಂದಕ್ಕೆ ತಂದಿದ್ದ. ಬಿಸಿಲಿಗೆ ಅವು ಸೊರಗಿ ಕಪ್ಪಾಗಿದ್ದವು. ಅಂಗಳದಲ್ಲಿ ನಿಂತು ಒಂದೊಂದೇ ಕಟ್ಟು ಎತ್ತಿ ಅವಳ ಮುಖಕ್ಕೆ ಬಾರಿಸಿದ. ‘ಕೊಯ್ಯೋಕೆ ಬರಲ್ಲ, ಕಟ್ಟೋಕೆ ಬರಲ್ಲ, ಸಂತೇಲಿ ನನ್ನ ಮಾನ ಕಳೆದೆ’ ಎಂದು ಪೆಟ್ಟಿಗೊಂದು ಮಾತು. ಸೊಪ್ಪಿನ ಪೆಟ್ಟು ಏನು ಮಹಾ ಎನ್ನುವವರು ಥೈಮಿನ ಒಣಕಡ್ಡಿಯಿಂದ ಕಣ್ಣಿಗೆ ಹೊಡೆಸಿಕೊಂಡು ನೋಡಲಿ. ಅವಳ ಬಲಗಣ್ಣು ಬಹಳ ದಿನ ಸರಿಯಾಗಿ ತೆರೆಯಲಿಲ್ಲ.

ನಾನು ಉರ್ಸುಲಾ. ಟ್ರಿನಿಡಾಡಿನ ಉತ್ತರದ ಬೆಟ್ಟಗಳಲ್ಲಿ, ಮೋರ್ನ್ ಕೊಕೋದಲ್ಲಿ, ಅವಳ ತೋಟದ ಮೇಲಿನ ತೋಟ ನನ್ನದು. ಅವಳ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವಳು ನಾನು. ಹಾಗಾಗಿ ನಾನೂ ಇಗ್ನೇಶಿಯಾಳೂ ಒಬ್ಬರಿಗೊಬ್ಬರು ಮಕುಮೆ. ಅಕ್ಕತಂಗಿಯರನ್ನು ದೇವರು ಕೇಳದೆಯೇ ಕೊಡುತ್ತಾನೆ, ಮಕುಮೆಯನ್ನು ನಾವೇ ಆರಿಸಿಕೊಳ್ಳುತ್ತೇವೆ, ಅಷ್ಟು ವ್ಯತ್ಯಾಸ. ಈಗ ಗಂಡ ಹೆಂಡತಿ ಇಬ್ಬರೂ ಮಣ್ಣಿನಡಿ ಇದ್ದಾರೆ. ಮಗಳಿದ್ದಾಳೆ. ಅವಳನ್ನು ಇಲ್ಲಿ ಸೆಲೆಸ್ತಿನ್ ಎಂದು ಕರೆಯುತ್ತೇನೆ, ಅದು ಅವಳ ಹೆಸರಲ್ಲ.

ನಮ್ಮ ಬೆಟ್ಟದಲ್ಲಿ ನೆಟ್ಟಗೆ ನಿಲ್ಲುವ ಜಾಗ ಚರ್ಚಿನ ಅಂಗಳ ಒಂದೇ. ಮಿಕ್ಕಿದ್ದೆಲ್ಲ ಇಳಿಜಾರು. ಮೋರ್ನ್ ಕೊಕೋದವರಿಗೆ ಒಂದು ಕಾಲು ಉದ್ದ ಎಂದು ಪೇಟೆಯವರು ನಗುತ್ತಾರೆ, ಆದರೆ ಅವರ ಕೋಳಿಗೂ ಮೀನಿಗೂ ರುಚಿ ಹತ್ತಬೇಕಾದರೆ ನಮ್ಮ ಇಳಿಜಾರಿನ ಸೊಪ್ಪೇ ಬೇಕು. ಥೈಮ್, ಎಳೆ ಈರುಳ್ಳಿ, ಅಂಚಿನಲ್ಲಿ ಮುಳ್ಳಿರುವ ಶಾಡೊಬೆನಿ. ಶಾಡೊಬೆನಿಯ ಒಂದು ಎಲೆ ಹಿಸುಕಿದರೆ ಕೊತ್ತಂಬರಿಯ ಇಡೀ ಕಟ್ಟು ನಾಚಿ ತಲೆ ತಗ್ಗಿಸಬೇಕು, ಅಂಥ ಘಾಟು. ಆದರೆ ಸೊಪ್ಪಿನ ಆಯಸ್ಸು ಎಷ್ಟು? ಶುಕ್ರವಾರ ಕೊಯ್ದದ್ದು ಶನಿವಾರ ಹೋಗದಿದ್ದರೆ ಭಾನುವಾರ ಗೊಬ್ಬರ. ಬೋನಿಫಾಸ್‌ನ ಮನೆಯಲ್ಲಿ ಭಾನುವಾರ ಎಂದರೆ ಗೊಬ್ಬರದ ಜೊತೆ ಪೆಟ್ಟೂ ಇತ್ತು.

ಹೆದರಿಕೆಯೇ ಅವಳಿಗೆ ವಿದ್ಯೆ ಕಲಿಸಿತು. ಪೇಟೆಯಲ್ಲಿ ಯಾವುದೋ ಹೋಟೆಲು ಮುಚ್ಚಿದಾಗ ಅವಳ ಅಣ್ಣ ಅಲ್ಲಿಂದ ಶವಪೆಟ್ಟಿಗೆಯಷ್ಟು ದೊಡ್ಡ ಫ್ರೀಜರ್ ಒಂದನ್ನು ಬೆಟ್ಟ ಹತ್ತಿಸಿ ತಂದುಕೊಟ್ಟ. ಬಾಡುವ ಮೊದಲೇ ಸೊಪ್ಪನ್ನು ಹಿಮದಲ್ಲಿ ಹೂತರೆ ಗಂಡನ ಕಣ್ಣಿಗೆ ಬಾಡಿದ ಎಲೆಯೇ ಬೀಳುವುದಿಲ್ಲ ಎಂದು ಅವಳು ಲೆಕ್ಕ ಹಾಕಿದಳು. ಉಳಿದ ಸೊಪ್ಪನ್ನು ತೊಳೆದು, ದಿಂಬಿನ ಚೀಲಕ್ಕೆ ತುಂಬಿ, ಅಂಗಳದಲ್ಲಿ ಗಿರಗಿರ ತಿರುಗಿಸಿ ನೀರು ಹಾರಿಸುತ್ತಿದ್ದಳು. ‘ನೀರು ಉಳಿದ್ರೆ ಹಿಮದಲ್ಲಿ ಸೊಪ್ಪು ಕರ್ರಗಾಗತ್ತೆ ಮಕುಮೆ, ಹೊಡೆತ ತಿಂದ ಮೈ ಥರ’ ಎಂದು ನಗುತ್ತಿದ್ದಳು. ಆ ನಗು ನೋಡಲು ನನಗೆ ಆಗುತ್ತಿರಲಿಲ್ಲ. ಥೈಮಿನ ಎಲೆಯನ್ನು ಕಡ್ಡಿಯಿಂದ ಜಾರಿಸಿ ಎಣ್ಣೆಯಲ್ಲಿ ಮುಳುಗಿಸುವಳು. ಶಾಡೊಬೆನಿ, ಈರುಳ್ಳಿ, ಬೆಳ್ಳುಳ್ಳಿ, ಒಂದು ಖಾರದ ಮೆಣಸಿನಕಾಯಿ, ಚೂರು ವಿನೆಗರ್ ಹಾಕಿ ಅರೆದು ಐಸ್ ತಟ್ಟೆಗಳಿಗೆ ಸುರಿಯುವಳು. ಗಟ್ಟಿಯಾದ ಹಸಿರು ತುಂಡುಗಳನ್ನು ಚೀಲದಲ್ಲಿ ಕಟ್ಟಿಡುವಳು. ಜಡಿಮಳೆಗೆ ಪಾತಿಗಳು ಕೊಳೆತು ಇಡೀ ಬೆಟ್ಟದಲ್ಲಿ ಒಂದು ಹಿಡಿ ಒಳ್ಳೆಯ ಶಾಡೊಬೆನಿ ಸಿಗದ ಕಾಲದಲ್ಲೂ ಅವಳ ಫ್ರೀಜರ್ ತೆರೆದರೆ ಅದೇ ದಿನ ಕೊಯ್ದ ಹಾಗೆ ಘಮ್ಮೆನ್ನುತ್ತಿತ್ತು.

ಬಾಡಿದ ಸೊಪ್ಪು ಮನೆಯಿಂದ ಮಾಯವಾಯಿತು. ಪೆಟ್ಟು ಹೋಯಿತೇ? ಹೊಡೆಯುವವನಿಗೆ ಕಾರಣಕ್ಕೇನು ಬರ. ಸಾರಿಗೆ ಉಪ್ಪು ಹೆಚ್ಚಾಯಿತು, ನಾಯಿಗೆ ನೀರಿಡಲಿಲ್ಲ, ಪಾದ್ರಿಯ ಹತ್ತಿರ ಜಾಸ್ತಿ ಹೊತ್ತು ಮಾತಾಡಿದೆ. ಒಮ್ಮೆ ಜೀಪಿನ ಬೆಲ್ಟಿನಿಂದ ಹೊಡೆದ. ಒಮ್ಮೆ ಮಚ್ಚಿನ ಅಗಲ ಬದಿಯಿಂದ ಬೆನ್ನಿಗೆ ಬಾರಿಸಿ, ಅಲಗಿನಿಂದ ಹೊಡೆಯದೆ ಇದ್ದದ್ದು ತನ್ನ ದೊಡ್ಡ ಮನಸ್ಸು ಎಂದು ಅವಳ ಬಾಯಿಂದಲೇ ಹೇಳಿಸಿದ. ಬಸುರಿಯಾಗಿದ್ದಾಗ ಹೊಟ್ಟೆಗೆ ಒದ್ದ. ಸೆಲೆಸ್ತಿನ್‌ಗಿಂತ ಮೊದಲಿನ ಒಂದು ಮಗು ಹಾಗೆ ಹೋಯಿತು.

ಹೊರಗೆ ಇವನೇ ಬೆಟ್ಟದ ಕಣ್ಮಣಿ. ಹೆರಿಗೆ ನೋವು ಬಂದವರನ್ನು ಎಂಥ ಮಳೆಯಲ್ಲೂ ಜೀಪಿನಲ್ಲಿ ಇಳಿಸುತ್ತಿದ್ದ, ದುಡ್ಡಿಗೆ ಕೈ ಚಾಚುತ್ತಿರಲಿಲ್ಲ. ಕಾರ್ನಿವಲ್ಲಿನ ಸೋಮವಾರ ಮೈಗೆಲ್ಲ ನೀಲಿ ಬಳಿದುಕೊಂಡು ದೆವ್ವದ ವೇಷ ಹಾಕಿದರೆ ಇವನಷ್ಟು ಎತ್ತರಕ್ಕೆ ಬೆಂಕಿ ಉಗುಳುವವರು ಇನ್ನೊಬ್ಬರಿರಲಿಲ್ಲ. ನೋಡಲು ಬಂದವರು ಚೀರುತ್ತ ಚಪ್ಪಾಳೆ ಹೊಡೆಯುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಇವನನ್ನು ನೋಡಿಯೇ ಹುಟ್ಟಿರಬೇಕು.

ಆಗ ಬೆಟ್ಟದಲ್ಲಿ ಫೋನು ಇದ್ದದ್ದು ಅಂಗಡಿಯಲ್ಲಿ ಮಾತ್ರ. ಎಷ್ಟೋ ಸಲ ನಾನೇ ಓಡಿಹೋಗಿ ಕೆಳಗಿನ ಠಾಣೆಗೆ ಫೋನು ಮಾಡಿದೆ. ಹಾಳು ಉತ್ತರ ಯಾವಾಗಲೂ ಒಂದೇ.

‘ಬೆಟ್ಟ ಹತ್ತೋ ಗಾಡಿ ನಮ್ಮ ಹತ್ರ ಇಲ್ಲಮ್ಮ.’

‘ಅವಳ ಕಿವೀಲಿ ರಕ್ತ ಸುರೀತಿದೆ ಸಾರ್. ನಡಕೊಂಡು ಬನ್ನಿ. ನಾವು ದಿನಾ ನಡೆಯಲ್ವಾ?’

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ರಾತ್ರಿ ಒಂದೇ ತಟ್ಟೇಲಿ ಊಟ ಮಾಡ್ತಾರೆ, ನಾಳೆ ನೀನೇ ಕೆಟ್ಟವಳಾಗ್ತೀಯ. ಮನೆಗೆ ಹೋಗು.’

ಬಿಟ್ಟು ಬಾ ಎಂದು ಇಗ್ನೇಶಿಯಾಳಿಗೆ ನಾನು ಹೇಳದ ದಿನವಿಲ್ಲ. ಅವಳದ್ದು ಒಂದೇ ಹಟ. ಅಷ್ಟರಲ್ಲಿ ಬೆಳೆದು ನಿಂತಿದ್ದ ಸೆಲೆಸ್ತಿನ್‌ಗೆ ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಕಲಿಯಲು ಜಾಗ ಸಿಕ್ಕಿತ್ತು, ಈಸ್ಟರ್ ಕಳೆದ ಮೇಲೆ ಸೇರಬೇಕು, ಅಲ್ಲೇ ಉಳಿಯಲು ಕೋಣೆಯೂ ಇತ್ತು. ‘ಅಲ್ಲೀವರೆಗೆ ಮಕುಮೆ. ನಾನು ಓಡಿಹೋದ್ರೆ ಅವನು ಆಸ್ಪತ್ರೆ ಬಾಗಿಲಿಗೇ ಹೋಗಿ ಹುಡುಗೀನ ಕೂದಲು ಹಿಡಿದು ಎಳಕೊಂಡು ಬರ್ತಾನೆ. ಅವಳು ಬಿಳೀ ಉಡುಪು ಹಾಕ್ಕೊಂಡು ಒಳಗೆ ಹೋಗಲಿ. ಈ ಮನೆ ಕೊಳೆ ಒಂದು ಚುಕ್ಕೇನೂ ಅವಳಿಗೆ ಅಂಟಬಾರ್ದು. ಆಮೇಲೆ ನನ್ನ ಕೊಂದ್ರೂ ಕೊಲ್ಲಲಿ.’

‘ನಿನ್ನ ಕೊಲ್ಲೋ ತನಕ ನಾನೇನು ಜಪಮಣಿ ಎಣಿಸ್ತಾ ಕೂತಿರ್ಲಾ?’ ಎಂದು ನಾನು ಬೈದೆ.

‘ಎಣಿಸು. ನಿನ್ನ ಬಾಯಿಗೆ ಅದೊಂದು ಕೆಲಸ ಆದ್ರೂ ಆಗತ್ತೆ’ ಎಂದಳು. ಮೈಯೆಲ್ಲ ಬಾಸುಂಡೆ ಇದ್ದರೂ ಚುಚ್ಚುವ ಮಾತಿನಲ್ಲಿ ಅವಳು ಹಿಂದೆ ಬಿದ್ದವಳಲ್ಲ.

ಕ್ರಿಸ್‌ಮಸ್ಸಿಗೆ ನಮ್ಮಲ್ಲಿ ಮನೆಯಿಂದ ಮನೆಗೆ ಹಸಿರು ಮಸಾಲೆಯ ಬಾಟಲಿ ಹೋಗುತ್ತದೆ. ರಮ್ ಕುಡಿದು ಖಾಲಿಯಾದ ಬಾಟಲಿಯನ್ನೇ ತೊಳೆದು ತುಂಬುವುದು. ತುಂಬಿದರೆ ಕಂಠಪೂರ್ತಿ ತುಂಬಬೇಕು. ಕುತ್ತಿಗೆ ಖಾಲಿ ಇರುವ ಬಾಟಲಿ ಕೊಟ್ಟರೆ ಪಡೆದವರ ಮನೆ ಬರಿದಾಗಲಿ ಎಂದು ಶಪಿಸಿದ ಹಾಗೆ. ಅರೆದ ದಿನವೇ ಕೊಟ್ಟು ಮುಗಿಸುವ ಕಾಲದಲ್ಲಿ ಹುಟ್ಟಿದ ಪದ್ಧತಿ ಅದು. ಫ್ರೀಜರ್ ಬಂದ ಮೇಲೂ ಜನ ಕುತ್ತಿಗೆ ತುಂಬುವುದನ್ನು ಬಿಡಲಿಲ್ಲ, ಹಾಗಾಗಿ ಪ್ರತಿ ಡಿಸೆಂಬರಿನಲ್ಲಿ ಬೆಟ್ಟದ ಯಾವುದಾದರೂ ಮನೆಯಲ್ಲಿ ಬಾಟಲಿ ಸಿಡಿಯುತ್ತಿತ್ತು. ನೀರು ಹೆಪ್ಪುಗಟ್ಟಿದರೆ ಉಬ್ಬುತ್ತದೆ ಎಂಬುದು ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದೂ ತುಂಬುತ್ತಿದ್ದರು, ನೆರೆಯವರು ಜಿಪುಣರೆಂದಾರು ಎಂಬ ಅಂಜಿಕೆಗೆ. ಇಗ್ನೇಶಿಯಾ ಮಾತ್ರ ಬಾಟಲಿಯ ಗೋಜಿಗೇ ಹೋಗದೆ ತುಂಡುಗಳನ್ನು ಚೀಲದಲ್ಲಿ ಹಂಚುತ್ತಿದ್ದಳು.

ಆ ವರ್ಷ ಬೋನಿಫಾಸ್‌ಗೆ ದೊಡ್ಡಸ್ತಿಕೆ ಏರಿತ್ತು. ಜೀಪಿನಲ್ಲಿ ಓಡಾಡುವವರೆಲ್ಲ ಅವನ ಹೆಂಡತಿಯ ಮಸಾಲೆಯನ್ನು ಹೊಗಳುತ್ತಿದ್ದರು. ಎಲ್ಲರಿಗೂ ತಾನೇ ಬಾಟಲಿ ಕೊಡುತ್ತೇನೆ ಎಂದು ಸಾರಿಬಿಟ್ಟ. ಅವಳಿಂದ ಬುಟ್ಟಿಗಟ್ಟಲೆ ಅರೆಸಿದ. ತುಂಬಲು ಮಾತ್ರ ತಾನೇ ಕೂತ.

‘ಬೋನಿ, ಎರಡು ಬೆರಳು ಜಾಗ ಬಿಡು. ಕೊಡೋವಾಗ ಮೇಲೆ ತುಂಬಿ ಕೊಟ್ರಾಯ್ತು’ ಎಂದಳು ಅವಳು.

‘ನಿಮ್ಮಪ್ಪನ ಮನೆ ಬುದ್ಧಿ ನಿಮ್ಮಪ್ಪನ ಮನೇಲೇ ಇರಲಿ. ಅರ್ಧ ಬಾಟಲಿ ಕೊಟ್ಟ ಬೋನಿಫಾಸ್ ಅಂತ ಊರು ಆಡ್ಕೋಬೇಕಾ?’

ತುಟಿಯವರೆಗೂ ತುಂಬಿ, ಮುಚ್ಚಳ ಬಿಗಿದು, ಅಷ್ಟನ್ನೂ ಫ್ರೀಜರಿಗೆ ಪೇರಿಸಿದ.

ಹಬ್ಬದ ಮುನ್ನಾದಿನ ಅವನ ಗೆಳೆಯರು ಕೊಂಡೊಯ್ಯಲು ಬಂದರು. ನಾನೂ ಅಲ್ಲೇ ಇದ್ದೆ, ಬಾಳೆ ಎಲೆಯಲ್ಲಿ ಹಬ್ಬದ ಪಸ್ತೆಲ್ ಕಡುಬು ಮಡಚುತ್ತಿದ್ದೆ. ಎಲ್ಲರ ಮುಂದೆ ಅವನು ಗತ್ತಿನಿಂದ ಫ್ರೀಜರಿನ ಮುಚ್ಚಳ ಎತ್ತಿದ. ಒಳಗೆ ಒಂದು ಬಾಟಲಿಯೂ ನೆಟ್ಟಗಿರಲಿಲ್ಲ. ಹಸಿರು ಹಿಮ ಗಾಜನ್ನು ಸೀಳಿಕೊಂಡು ಹೊರಗೆ ಬಂದಿತ್ತು, ಚೂರುಗಳು ಅದರಲ್ಲೇ ನಾಟಿಕೊಂಡಿದ್ದವು. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಆ ನಗೆಯ ಸಾಲ ಯಾರ ಮೈಮೇಲೆ ತೀರುತ್ತದೆ ಎಂದು ನನಗೆ ಗೊತ್ತಿತ್ತು. ಅವರು ಹೋದ ಮೇಲೂ ನಾನು ಎದ್ದು ಹೋಗದೆ ಕೂತೆ, ಆದರೆ ಅವನು ನನ್ನ ಮುಂದೆ ಹೊಡೆಯಲು ನಾಚುವ ಗಂಡಸಲ್ಲ.

‘ತೆಗಿ ಗಾಜು’ ಎಂದ. ಅವಳು ಬಗ್ಗಿ ಕೈ ಹಾಕಿದಳು. ಅವನು ಮುಚ್ಚಳವನ್ನು ಅವಳ ಬಲಗೈ ಮೇಲೆ ಧಡ್ಡೆಂದು ಹಾಕಿದ. ಹಾಕಿ, ಅದರ ಮೇಲೆ ಕೂತ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ನಾನೂ ಸೆಲೆಸ್ತಿನ್ನೂ ಸೇರಿ ಅವನನ್ನು ಎಳೆದು ಕೆಡವಿದೆವು. ಅವನು ಹುಡುಗಿಯ ದವಡೆಗೆ ಮೊಣಕೈಯಿಂದ ಗುದ್ದಿದ. ಹಬ್ಬದ ದಿನ ಇಗ್ನೇಶಿಯಾ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಪೂಜೆಗೆ ಬಂದಳು. ಮೆಟ್ಟಿಲಲ್ಲಿ ಜಾರಿ ಬಿದ್ದೆ ಎಂದಳು. ಇಡೀ ಚರ್ಚು ನಂಬಿದ ಹಾಗೆ ನಟಿಸಿತು. ನನಗೆ ಆ ದಿನ ದೇವರ ಮುಖ ನೋಡಲೂ ಮನಸ್ಸಾಗಲಿಲ್ಲ.

ಗಾಜು ಬೆರೆತ ಮಸಾಲೆಯನ್ನು ಎಲ್ಲಿ ಎಸೆಯುವುದು? ಇಳಿಜಾರಿಗೆ ಚೆಲ್ಲಿದರೆ ಕೋಳಿಗಳು ಮುಕ್ಕಿ ಸಾಯುತ್ತವೆ, ಬರಿಗಾಲಿನವರು ತುಳಿಯುತ್ತಾರೆ. ಅಷ್ಟು ರಾಶಿ ಕಕ್ಕಸಿನ ಗುಂಡಿಗೆ ಹಿಡಿಯದು, ಬೇರೆ ಗುಂಡಿ ತೋಡೋಣವೆಂದರೆ ಬೇಸಿಗೆ ಹಿಡಿದು ನೆಲ ಕಲ್ಲಾಗಿತ್ತು. ಮಳೆ ಬಿದ್ದ ಮೇಲೆ ಹೂತರಾಯಿತೆಂದು ನಾವು ಅದನ್ನು ಹಿಟ್ಟಿನ ಚೀಲದ ಬಟ್ಟೆಗಳಲ್ಲಿ ಗಂಟು ಗಂಟಾಗಿ ಕಟ್ಟಿ ಫ್ರೀಜರಿನ ತಳದಲ್ಲಿಟ್ಟೆವು. ಗಂಟು ಹಾಕುವಾಗ ಸೆಲೆಸ್ತಿನ್ ಪಕ್ಕದಲ್ಲೇ ನಿಂತಿದ್ದಳು.

ಕುಟ್ಟಿದ ಬಾಟಲಿಯ ಕಥೆ ಈ ದ್ವೀಪದ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಗುಲಾಮರ ಕಾಲದಲ್ಲಿ ಅಡುಗೆಯವಳೊಬ್ಬಳು ಧಣಿಯ ಸಾರಿಗೆ ಗಾಜು ಕುಟ್ಟಿ ಹಾಕಿದ ಕಥೆಯನ್ನು ಅಜ್ಜಿಯರು ಜಡೆ ಹೆಣೆಯುತ್ತ ಹೇಳುತ್ತಾರೆ. ಅದನ್ನು ಯಾರೂ ಪಾಪದ ಕಥೆ ಎಂದು ಹೇಳುವುದಿಲ್ಲ.

ಅಮ್ಮನ ಕೈ ಮುರಿದ ಮೇಲೆ ಅಡುಗೆ ಹುಡುಗಿಯ ಪಾಲಿಗೆ ಬಂತು. ಜನವರಿಯಲ್ಲಿ ಒಂದು ದಿನ ಅವಳು ಈರುಳ್ಳಿ ಸೊಪ್ಪು ಕೇಳಲು ನನ್ನ ತೋಟಕ್ಕೆ ಹತ್ತಿ ಬಂದಳು. ಹಣೆಯ ಪಕ್ಕದಲ್ಲಿ ಒಂದು ಹಿಡಿಯಷ್ಟು ಕೂದಲೇ ಇರಲಿಲ್ಲ, ಚರ್ಮ ಕೆಂಪಾಗಿ ಕಾಣುತ್ತಿತ್ತು. ಜೀಪು ನಿಲ್ಲುವಲ್ಲಿ ಯಾವನೋ ಹುಡುಗನ ಜೊತೆ ನಕ್ಕಳಂತೆ, ಅಪ್ಪ ಅಲ್ಲಿಂದ ಮನೆಯವರೆಗೆ ಕೂದಲು ಹಿಡಿದು ಎಳೆದು ತಂದನಂತೆ.

‘ನನ್ನ ಮನೆಗೆ ಬಂದುಬಿಡು ಮಗಾ’ ಎಂದೆ.

‘ನಾನು ಬಂದ್ರೆ ಅಮ್ಮ ಒಬ್ಬಳೇ ಆಗ್ತಾಳೆ ನೆನೆನ್.’ ನಮ್ಮಲ್ಲಿ ಜ್ಞಾನಸ್ನಾನದ ತಾಯಿಯನ್ನು ಹಾಗೆ ಕರೆಯುತ್ತಾರೆ. ‘ನಾನು ಆಸ್ಪತ್ರೆ ಸೇರಿದ ಮಾರನೇ ದಿನ ಅವಳ ಹೆಣಾನ ಅಲ್ಲಿಗೇ ತರ್ತಾರೆ. ತೊಳೆಯೋಳು ನಾನೇ ಆಗ್ತೀನಿ. ಅದಕ್ಕಾ ನಾನು ನರ್ಸ್ ಕಲಿಯೋದು?’

ನಾನು ಅವಳನ್ನು ಅಪ್ಪಿಕೊಂಡೆ. ಹುಡುಗಿ ಮರದ ಕೊರಡಿನ ಹಾಗೆ ನಿಂತಿದ್ದಳು. ಸೊಪ್ಪು ತೆಗೆದುಕೊಂಡು ಇಳಿದು ಹೋದಳು.

ಅದಾದ ಭಾನುವಾರ ಪೂಜೆ ಮುಗಿಸಿಕೊಂಡು ನಾನು ಒಂದು ಪಾತ್ರೆ ಕಲಾಲೂ ಹೊತ್ತು ಅವರ ಮನೆಗೆ ಹೋದೆ. ಕೆಸುವಿನ ಸೊಪ್ಪು ಮತ್ತು ಬೆಂಡೆಕಾಯಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಕಡೆದದ್ದು, ಇನ್ನೂ ಕುದಿ ಆರಿರಲಿಲ್ಲ. ಬೋನಿಫಾಸ್ ಮೇಜಿನ ತುದಿಯ ಯಜಮಾನನ ಕುರ್ಚಿಯಲ್ಲಿ ಕೂತಿದ್ದ. ಕಾಲ ಬಳಿ ಅವನ ಬೇಟೆನಾಯಿ ಕರ್ನಲ್. ಅವನು ಈ ಜಗತ್ತಿನಲ್ಲಿ ಯಾರನ್ನಾದರೂ ಪ್ರೀತಿಸಿದ್ದರೆ ಅದು ಆ ನಾಯಿಯನ್ನು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಕೋಳಿ, ಪಕ್ಕದ ಚಿಕ್ಕ ಪಾತ್ರೆಯಲ್ಲೂ ಕೋಳಿ.

‘ಎರಡು ಪಾತ್ರೆ ಯಾಕೇ?’ ಎಂದೆ.

‘ಅಪ್ಪನಿಗೆ ಖಾರ ಜಾಸ್ತಿ ಬೇಕಲ್ವಾ’ ಎಂದಳು ಸೆಲೆಸ್ತಿನ್, ನನ್ನ ಮುಖ ನೋಡದೆ.

‘ನೋಡು ಉರ್ಸುಲಾ, ಕೊನೆಗೂ ಈ ಮನೇಲಿ ಒಬ್ಬಳಿಗೆ ಗಂಡಸಿನ ನಾಲಿಗೆ ಗೊತ್ತಾಯ್ತು’ ಎಂದು ಬೋನಿಫಾಸ್ ಹೆಮ್ಮೆಪಟ್ಟ. ಹುಡುಗಿ ಚಿಕ್ಕ ಪಾತ್ರೆಯಿಂದ ಅವನಿಗೆ ಬಡಿಸಿದಳು. ಅನ್ನದ ಮೇಲೆ ಹಸಿರು ಮಿಶ್ರಿತ ಕಂದು ಗಸಿ ಹರಿಯಿತು.

ಇಗ್ನೇಶಿಯಾ ಮಾಬಿ ಶರಬತ್ತಿಗೆ ಐಸು ತರಲು ಎದ್ದಿದ್ದಳು. ಫ್ರೀಜರಿನ ಮುಚ್ಚಳವನ್ನು ತಲೆಯಿಂದ ಎತ್ತಿ ಹಿಡಿದು ಎಡಗೈಯಿಂದ ತಡಕಾಡಿದಳು. ಅವಳ ಕೈ ನಿಂತಿತು. ಹಿಟ್ಟಿನ ಚೀಲದ ಬಟ್ಟೆಯೊಂದನ್ನು ಮೇಲೆತ್ತಿದಳು. ಗಂಟು ಬಿಚ್ಚಿತ್ತು, ಬಟ್ಟೆ ಖಾಲಿ. ಅವಳು ಮೊದಲು ನನ್ನ ಕಡೆ ನೋಡಿದಳು, ನಂತರ ಮಗಳ ಕಡೆ. ಮಗಳು ಅಪ್ಪನ ಚಮಚವನ್ನೇ ನೋಡುತ್ತಿದ್ದಳು. ನನಗೂ ಆ ಗಳಿಗೆಯಲ್ಲೇ ಎಲ್ಲ ತಿಳಿಯಿತು. ನಿಜ ಹೇಳುತ್ತೇನೆ, ನನಗೆ ಮೈಯೆಲ್ಲ ಸಂತೋಷವಾಯಿತು. ತಿನ್ನು ಬೋನಿಫಾಸ್, ಹೊಟ್ಟೆ ತುಂಬ ತಿನ್ನು ಎಂದು ನನ್ನ ರಕ್ತವೆಲ್ಲ ಹೇಳಿತು.

ಚಮಚ ಬಾಯಿಗೆ ಹೋಗುವ ಮೊದಲೇ ಇಗ್ನೇಶಿಯಾ ಮೇಜಿನ ಬಳಿ ತಲುಪಿ ಪ್ಲಾಸ್ಟರ್ ಕೈಯನ್ನು ಬೀಸಿದಳು. ಚಮಚ ಒಂದು ಕಡೆ, ತಟ್ಟೆ ಒಂದು ಕಡೆ ಹಾರಿತು. ಅನ್ನ, ಕೋಳಿ, ಗಸಿ ಗೋಡೆಗೆ ಬಡಿದು ನೆಲಕ್ಕೆ ಇಳಿಯಿತು.

‘ನೊಣ ಬಿದ್ದಿತ್ತು ಬೋನಿ’ ಎಂದಳು.

ಗಾಜಿತ್ತು ಎಂದಿದ್ದರೆ ಬಡಿಸಿದವಳು ಯಾರೆಂದು ಅವನಿಗೆ ಗೊತ್ತಿತ್ತು. ಅವಳು ಅದನ್ನು ಹೇಳಲಿಲ್ಲ. ಅವನು ಎದ್ದು, ಕೂತಿದ್ದ ಕುರ್ಚಿಯನ್ನೇ ಎತ್ತಿ ಅವಳ ಹೆಗಲಿಗೆ ಇಳಿಸಿದ. ಕುರ್ಚಿ ಮುರಿಯಿತು. ಕೈಯಲ್ಲಿ ಉಳಿದ ಕಾಲಿನಿಂದ ಮುಖಕ್ಕೆ ಹೊಡೆದ. ಹಲ್ಲು ನೆಲದ ಮೇಲೆ ಬಿದ್ದು ಉರುಳಿತು. ಅವಳು ಬಿದ್ದ ಮೇಲೆ ಪಕ್ಕೆಗೆ ಒದ್ದ, ಒದೆಯುತ್ತಲೇ ಹೋದ. ‘ನೊಣಾನಾ? ನೊಣಾನಾ?’ ಎಂದು ಒದೆಗೊಮ್ಮೆ ಕೇಳುತ್ತಿದ್ದ. ಅವಳು ಪ್ರತಿ ಸಲವೂ ‘ನೊಣ’ ಎಂದಳು. ರಕ್ತದಲ್ಲಿ ಮಾತು ಗುಳುಗುಳು ಎನ್ನುತ್ತಿತ್ತು, ಆದರೂ ಅದನ್ನೇ ಅಂದಳು. ಸೆಲೆಸ್ತಿನ್ ಬಾಯಿ ತೆರೆದಾಗೆಲ್ಲ ತಾಯಿ ಇನ್ನೂ ಜೋರಾಗಿ ‘ನೊಣ’ ಎಂದು ಕಿರುಚಿ ಅವಳ ದನಿ ಮುಚ್ಚಿಹಾಕಿದಳು.

ನಾನು ಕಲಾಲೂ ಪಾತ್ರೆ ಎತ್ತಿ ಅವನ ಬೆನ್ನಿಗೆ ಸುರಿದೆ. ಕುದಿಯುವ ತೆಂಗಿನ ಹಾಲು ಅಂಗಿಗೆ ಅಂಟಿಕೊಂಡಿತು. ಅವನು ಹೋರಿಯ ಹಾಗೆ ಅರಚುತ್ತ ಅಂಗಳದ ನೀರಿನ ಪೀಪಾಯಿಗೆ ಓಡಿದ. ನಾನು ಬಾಗಿಲಲ್ಲಿ ಮಚ್ಚು ಹಿಡಿದು ನಿಂತೆ.

‘ಒಳಗೆ ಒಂದು ಹೆಜ್ಜೆ ಇಡು ಬೋನಿಫಾಸ್, ಆ ನೊಣದ ಜೊತೆ ನಿನ್ನನ್ನೂ ಗುಡಿಸಿ ಹಾಕ್ತೀನಿ.’

ಅವನು ಉಗಿದು, ಜೀಪು ಹತ್ತಿ, ಬೆನ್ನಿಗೆ ಮುಲಾಮು ಹಾಕಿಸಿಕೊಳ್ಳಲು ಕೆಳಗೆ ಹೋದ. ನಾವಿಬ್ಬರೂ ಇಗ್ನೇಶಿಯಾಳನ್ನು ಹಾಸಿಗೆಗೆ ಎತ್ತಿ ಹಾಕಿದೆವು. ಅವಳ ಪಕ್ಕೆಲುಬು ಉಸಿರಿಗೊಮ್ಮೆ ಒಳಗೆ ಕುಸಿಯುತ್ತಿತ್ತು. ಸೆಲೆಸ್ತಿನ್ ಹಾಸಿಗೆಯ ಪಕ್ಕ ಮಂಡಿಯೂರಿದಳು.

‘ಯಾಕಮ್ಮ? ಒಂದೇ ತುತ್ತು. ಒಂದು ತುತ್ತು ಬಿಟ್ಟಿದ್ರೆ ಸಾಕಿತ್ತು. ಅವನನ್ನ ಯಾಕೆ ಉಳಿಸ್ದೆ?’

‘ಅವನನ್ನ ಯಾರೇ ಉಳಿಸಿದ್ದು, ದಡ್ಡಿ?’ ಎಂದಳು ಇಗ್ನೇಶಿಯಾ. ‘ಕೈ ತೋರಿಸು.’ ಹುಡುಗಿಯ ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಗಾಯಗಳಿದ್ದವು, ಗಾಜು ಕುಟ್ಟಿದ್ದರ ಗುರುತು. ತಾಯಿ ಅವನ್ನು ಒಂದೊಂದಾಗಿ ಒತ್ತಿ ನೋಡಿದಳು. ‘ಇದು ಸೂಜಿ ಹಿಡಿಯೋ ಕೈ. ಇದಕ್ಕೆ ಸಂಕೋಲೆ ಹಾಕಿಸೋಕಾ ನಾನು ಇಷ್ಟು ವರ್ಷ ಹೊಡೆಸಿಕೊಂಡಿದ್ದು?’

ನಾವು ಗೋಡೆ ಒರೆಸಿದೆವು, ನೆಲ ತೊಳೆದೆವು, ಚಿಕ್ಕ ಪಾತ್ರೆಯನ್ನು ಕಕ್ಕಸಿನ ಗುಂಡಿಗೆ ಸುರಿದೆವು. ಆದರೆ ನಾವು ಹಾಸಿಗೆಯ ಬಳಿ ಇದ್ದಾಗಲೇ ಕರ್ನಲ್ ನೆಲ ನೆಕ್ಕಿ ಮುಗಿಸಿತ್ತು. ಗಾಜು ಕುಟ್ಟಿದ ಹಿತ್ತಲಿನ ಮರದ ಒರಳು ಯಾರಿಗೂ ನೆನಪಾಗಲಿಲ್ಲ.

ಸೋಮವಾರ ನಾಯಿ ರಕ್ತ ಕಾರಿಕೊಂಡಿತು. ಬೋನಿಫಾಸ್ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗಳದಲ್ಲಿ ಕೂತಿದ್ದ. ಅಳುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅದು ಸತ್ತಿತು. ಅವನು ಮಚ್ಚಿನಿಂದ ಅದರ ಹೊಟ್ಟೆ ಸೀಳಿ, ಕರುಳಿನಲ್ಲಿ ಬೆರಳಾಡಿಸಿ ನೋಡಿದ. ನಂತರ ಹಿತ್ತಲಿಗೆ ಹೋಗಿ ಒರಳನ್ನು ಬಗ್ಗಿಸಿದ. ಒರಳಿನ ತಳದಲ್ಲಿ ಹಸಿರು ಮೆತ್ತಿಕೊಂಡಿತ್ತು, ಹಸಿರಿನಲ್ಲಿ ಗಾಜು ಮಿನುಗುತ್ತಿತ್ತು. ಒರಳನ್ನೂ ನಾಯಿಯನ್ನೂ ಜೀಪಿಗೆ ಹಾಕಿಕೊಂಡು ಹೋದ. ಮೇಲಿನ ಪಾತಿಯಲ್ಲಿದ್ದ ನಾನು ಎಲ್ಲವನ್ನೂ ಕಂಡು, ಬಿದ್ದೆನೋ ಎದ್ದೆನೋ ಎಂದು ಇಳಿದು ಬಂದೆ.

‘ಎದ್ದೇಳು, ಮೂವರೂ ಕಾಡು ದಾಟಿ ಆಚೆ ಊರಿಗೆ ಹೋಗೋಣ’ ಎಂದೆ.

‘ಓಡಿಹೋದ್ರೆ ಇವಳನ್ನೂ ಹುಡುಕ್ತಾರೆ. ನನ್ನ ಹಸಿರು ಲಂಗ ತೆಗೆದುಕೊಡು, ಮೇಲೆ ಎಬ್ಬಿಸಿ ಕೂರಿಸು’ ಎಂದಳು ಇಗ್ನೇಶಿಯಾ.

ಇಷ್ಟು ವರ್ಷ ಬೆಟ್ಟ ಹತ್ತಲು ಗಾಡಿ ಸಿಗದ ಪೊಲೀಸರು ಅವತ್ತು ಬಂದರು. ಬೋನಿಫಾಸ್ ತನ್ನ ಜೀಪಿನಲ್ಲೇ ಅವರನ್ನು ಕರೆತಂದ. ದಪ್ಪ ಮೀಸೆಯ ಹವಾಲ್ದಾರ ಮುಂದಿನ ಸೀಟಿನಿಂದ ಇಳಿದ, ಹಿಂದಿನಿಂದ ಒಬ್ಬ ಪೇದೆ. ಹವಾಲ್ದಾರ ವರಾಂಡದ ಬೆಂಚಿನ ಮೇಲಿದ್ದ ಇಗ್ನೇಶಿಯಾಳನ್ನು ನೋಡಿದ. ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿ ಹರಿದಿತ್ತು.

‘ಅವಳ ಮುಖ ನೋಡಿ ಸಾರ್. ಮೊದಲು ಅದನ್ನ ಬರೀರಿ’ ಎಂದೆ ನಾನು.

‘ಅದು ಗಂಡ ಹೆಂಡಿರ ವಿಷಯ. ಇದು ಕೊಲೆ ಯತ್ನ’ ಎಂದ ಅವನು. ‘ಅಡುಗೆ ಮಾಡಿದ್ದು ಯಾರು?’

‘ಬಡಿಸಿದ್ದು ಮಗಳು, ತಟ್ಟೆ ಹಾರಿಸಿದ್ದು ಇವಳು. ಇಬ್ಬರಲ್ಲಿ ಒಬ್ಬಳು ಸಾರ್. ನೋಡಿ, ಸಾಕಿದ ಕೈಯನ್ನೇ ಕಚ್ಚಿದವರು’ ಎಂದ ಬೋನಿಫಾಸ್.

‘ನಾನು’ ಎಂದಳು ಸೆಲೆಸ್ತಿನ್. ಕಂಬ ಹಿಡಿದು ನಿಂತಿದ್ದವಳು ಒಂದು ಹೆಜ್ಜೆ ಮುಂದೆ ಬಂದಳು. ‘ಅಡುಗೆ ನಾನೇ—’

ಇಗ್ನೇಶಿಯಾ ಬೆಂಚಿನಿಂದ ಹೇಗೆ ಎದ್ದಳೋ ನನಗೆ ಇವತ್ತಿಗೂ ತಿಳಿಯದು. ಎಡಗೈಯಿಂದ ಮಗಳ ಕೆನ್ನೆಗೆ ಬಾರಿಸಿದಳು. ಮಗಳಿಗೆ ಹುಟ್ಟಿದಾಗಿನಿಂದ ಒಂದು ಏಟು ಹಾಕದ ತಾಯಿ. ಆ ಏಟಿಗೆ ಹುಡುಗಿ ಕಂಬಕ್ಕೆ ಬಡಿದು ನೆಲಕ್ಕೆ ಕುಸಿದಳು. ಬೋನಿಫಾಸ್ ಕೂಡ ಒಂದು ಹೆಜ್ಜೆ ಹಿಂದೆ ಸರಿದ.

‘ಸುಳ್ಳಿ! ಇವಳು ಬಡಿಸಿದ್ದಷ್ಟೇ, ನನ್ನ ಬಿಡಿಸೋಕೆ ಬಾಯಿ ಹಾಕ್ತಾಳೆ’ ಎಂದಳು ಇಗ್ನೇಶಿಯಾ. ‘ಬರ್ಕೊಳ್ಳಿ ಸಾರ್. ಮಾಡಿದ್ದು ನಾನು. ಗಾಜು ಹಾಕಿದ್ದು ನಾನು. ತಿನ್ನೋ ಹೊತ್ತಿಗೆ ಹೆದರಿಕೆಯಾಗಿ ತಟ್ಟೆ ಎಸೆದದ್ದೂ ನಾನೇ. ಉರ್ಸುಲಾ ಕಣ್ಣಾರೆ ನೋಡಿದಾಳೆ, ಕೇಳಿ.’

ಹವಾಲ್ದಾರ ಅವಳ ಪ್ಲಾಸ್ಟರಿನತ್ತ ಬೆರಳು ತೋರಿಸಿದ. ‘ಬಲಗೈ ಮುರಿದಿದೆ. ಒರಳಲ್ಲಿ ಗಾಜು ಹೇಗೆ ಕುಟ್ಟಿದೆ?’

‘ಎಡಗೈಲಿ’ ಎಂದಳು ಅವಳು. ‘ಎಷ್ಟು ಗಟ್ಟಿ ಇದೆ ಅಂತ ಈಗ ತಾನೇ ನೋಡಿದ್ರಲ್ಲ.’

ಹವಾಲ್ದಾರ ನೆಲದ ಮೇಲಿದ್ದ ಹುಡುಗಿಯನ್ನು ನೋಡಿದ. ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು. ಅವನು ತಲೆಯಾಡಿಸಿ ನನ್ನ ಕಡೆ ತಿರುಗಿದ. ಇಗ್ನೇಶಿಯಾ ತೆರೆದಿದ್ದ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದಳು.

‘ಹೌದು ಸಾರ್, ಅವಳೇ’ ಎಂದೆ.

ಸೆಲೆಸ್ತಿನ್ ಚೀರಲು ಬಾಯಿ ತೆರೆದಳು. ನಾನು ಅವಳ ಮೇಲೆ ಬಿದ್ದು, ತಲೆಯನ್ನು ಎದೆಗೆ ಅವುಚಿಕೊಂಡು, ಅಂಗೈಯಿಂದ ಬಾಯಿ ಮುಚ್ಚಿದೆ. ಪೇದೆ ಇಗ್ನೇಶಿಯಾಳನ್ನು ಎತ್ತಿ ಜೀಪಿನ ಹಿಂದೆ ಕೂರಿಸಿದ. ಓಡಿಸಲು ಬೋನಿಫಾಸ್ ಹತ್ತಿದ. ಜೀಪು ಚರ್ಚಿನ ತಿರುವು ದಾಟಿ, ಅದರ ಸದ್ದು ಪೂರ್ತಿ ಅಡಗುವ ತನಕ ಹುಡುಗಿ ನನ್ನ ಕೈಯನ್ನು ಕಚ್ಚುತ್ತಲೇ ಇದ್ದಳು. ನಾನು ಕೈ ತೆಗೆಯಲಿಲ್ಲ.